ಪೋಷಕ ಪಾತ್ರ: ಒಂಬತ್ತನೆಯ ಕಂತು

"ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಹದಿನಾಲ್ಕು," ಎಂದಳು ಚಿಟಕೆ.

ಲಿಫ್ಟು ನಿಂತಿತು. ಬಾಗಿಲು ತೆರೆದುಕೊಂಡಿತು. ಚಿಟಕೆ ಹೊರಗೆ ಹಾರಿದಳು, ಹಿಂದೆಯೇ ಅವಳ ತಾಯಿ ಹೊರಟಳು. ಪತ್ತೇದಾರಿಣಿ ಜರಡಿ ಮಾತ್ರ ಒಳಗೇ ನಿಂತುಬಿಟ್ಟಳು.

"ಬನ್ನಿ ಅಕ್ಕ, ಬಾಗಿಲು ಮುಚ್ಕೊಳ್ಳುತ್ತೆ."

"ಮರಿ, ಇನ್ನೊಂದ್ಸಲ ಎಣಿಸು ನೋಡೋಣ. ಹತ್ತರಿಂದ."

"ಹತ್ತು, ಹನ್ನೊಂದು, ಹನ್ನೆರಡು, ಹದಿನಾಲ್ಕು."

"ಹದಿಮೂರು ಎಲ್ಲಿಗೆ ಹೋಯ್ತು?"

ಐದು ವರ್ಷದ ಚಿಟಕೆ ಐವತ್ತು ದಾಟಿದ ಜರಡಿಯನ್ನು ಕನಿಕರದಿಂದ ನೋಡಿದಳು. "ಹದಿಮೂರು ಇರಲ್ಲ ಆಂಟಿ. ಬೇಕಾದ್ರೆ ನೋಡಿ."

ಜರಡಿ ಲಿಫ್ಟಿನ ಗುಂಡಿಗಳನ್ನು ನೋಡಿದಳು. ನಿಜ, ಇರಲಿಲ್ಲ. ಹನ್ನೆರಡರ ಪಕ್ಕದಲ್ಲಿ ಹದಿನಾಲ್ಕು ಏನೂ ಆಗಿಲ್ಲವೆಂಬಂತೆ ಕೂತಿತ್ತು. ಹದಿಮೂರು ಎಂದರೆ ಮನೆ ಯಾರೂ ಕೊಳ್ಳುವುದಿಲ್ಲ ಎಂದು ಕಟ್ಟಿಸಿದವನಿಗೆ ಭಯ. ಹಾಗಾಗಿ ಹದಿಮೂರನೆಯ ಮಹಡಿ ಪರೀಕ್ಷೆಯಿಲ್ಲದೆ, ಸಂದರ್ಶನವಿಲ್ಲದೆ ಹದಿನಾಲ್ಕಕ್ಕೆ ಬಡ್ತಿ ಪಡೆದಿತ್ತು.

"ಎಣಿಕೆ ನಾನೇ ಕಲಿಸಿದ್ದು ಅಕ್ಕ," ತಾಯಿ ನಾಚಿಕೊಂಡಳು. "ಇದೇ ಲಿಫ್ಟಲ್ಲಿ, ಸೊಂಟದ ಮೇಲೆ ಎತ್ಕೊಂಡು ಓಡಾಡೋವಾಗ. ಆಮೇಲೆ ತಿದ್ದಿದ್ರಾಯ್ತು ಅಂತ ಬಿಟ್ಟೆ. ಯಾಕೆ, ಏನಾಯ್ತು?"

ಜರಡಿಯ ಕೈ ತಾನಾಗಿ ಹೆಗಲ ಚೀಲದ ಮೇಲೆ ಹೋಗಿತ್ತು. ಚೀಲದೊಳಗೆ ಏಳು ಹಾಳೆಗಳಿದ್ದವು. ಅವು ಒಮ್ಮೆಗೇ ಭಾರವಾದಂತೆ ಅನಿಸಿತು.

ಹಾಳೆಗಳನ್ನು ನಿನ್ನೆ ಸಂಜೆ ಕೊಟ್ಟವನು ಶಾಲೆಯ ಪ್ರವೇಶಾಧಿಕಾರಿ. ಊರಿನ ಅಪ್ಪ-ಅಮ್ಮಂದಿರೆಲ್ಲ ಯಾವ ಶಾಲೆಯ ಗೇಟಿನ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೋ ಆ ಶಾಲೆ. ಹದಿನೈದು ದಿನದ ಹಿಂದೆ ಅಲ್ಲಿಯ ಸಂದರ್ಶನದಲ್ಲಿ "ನಿನ್ನ ಹೆಸರೇನು" ಎಂದು ಕೇಳಿದಾಗ ಚಿಟಕೆ ತುಟಿ ಎರಡು ಮಾಡಿರಲಿಲ್ಲ. ಅವತ್ತಿನಿಂದ ಮನೆಯಲ್ಲೂ ಚಿಟಕೆ ಎಂಬ ಮುದ್ದುಹೆಸರು ಬಿಟ್ಟು ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿಲ್ಲ. ತಾಯಿ ಜರಡಿಯ ಹತ್ತಿರ ಬಂದದ್ದು ಅದಕ್ಕೆ. "ಸೀಟು ಹೋದ್ರೆ ಹೋಗ್ಲಿ ಅಕ್ಕ, ನನ್ನ ಮಗಳು ನನ್ನ ಕರೆಗೆ ಓಗೊಡೋ ಹಾಗೆ ಮಾಡಿ," ಅಂದಿದ್ದಳು.

ಪ್ರವೇಶಾಧಿಕಾರಿಗಿದ್ದ ತಲೆನೋವು ಬೇರೆ. ಈ ಸಲ ಅತಿ ಹೆಚ್ಚು ಅಂಕ ಪಡೆದ ಏಳು ಹುಡುಗಿಯರ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವನಿಗೆ ಬೆವರು ಬಂದಿತ್ತು. ಏಳು ಬೇರೆ ಬೇರೆ ಸಂದರ್ಶಕರು, ಏಳು ಬೇರೆ ಬೇರೆ ಕೈಬರಹ, ಆದರೆ ಕೊನೆಯಲ್ಲಿ ಒಂದೇ ಟಿಪ್ಪಣಿ. "ಎಣಿಕೆಯಲ್ಲಿ ಹನ್ನೆರಡರ ನಂತರ ಹದಿನಾಲ್ಕು ಎಂದಳು."

"ಏಳೂ ಜನ ಸಂದರ್ಶನಕ್ಕೆ ತಯಾರಾಗಿದ್ದು ಒಂದೇ ತರಬೇತಿ ಕೇಂದ್ರದಲ್ಲಿ. ಅಲ್ಲಿಯ ಚಾರ್ಟಲ್ಲೇ ತಪ್ಪು ಅಚ್ಚಾಗಿರಬೇಕು," ಅಂದಿದ್ದ ಅಧಿಕಾರಿ. ಜರಡಿಯೂ ಹಾಗೇ ಅಂದುಕೊಂಡಿದ್ದಳು. ಇವತ್ತು ಹೋಗಿ ಆ ಚಾರ್ಟು ನೋಡಬೇಕೆಂದಿದ್ದಳು.

ಚಾರ್ಟು ನೋಡುವ ಅಗತ್ಯ ಇನ್ನಿರಲಿಲ್ಲ. ಅಚ್ಚಿನ ತಪ್ಪು ಕಣ್ಣೆದುರಿಗೇ ಎರಡು ಜಡೆ ಹಾಕಿಕೊಂಡು ನಿಂತಿತ್ತು.

* * *

ಚಿಟಕೆಯ ತಾಯಿಗೆ ಕನ್ನಡಕದಂಗಡಿ. ದಿನವಿಡೀ ಊರವರ ಕಣ್ಣಿನ ಮುಂದೆ ಗಾಜು ಬದಲಿಸಿ "ಈಗ ಚೆನ್ನಾಗಿ ಕಾಣುತ್ತಾ, ಈಗ?" ಎಂದು ಕೇಳುವ ಕೆಲಸ. ತಂದೆ ರೈಲು ಓಡಿಸುತ್ತಾನೆ. ವಾರಕ್ಕೆ ಎರಡು ದಿನ ಮನೆ, ಐದು ದಿನ ಹಳಿ.

ಮನೆ ನೋಡಿದರೆ ಮನೆಯ ಹಾಗೆ ಇರಲಿಲ್ಲ, ನಾಟಕದ ತಾಲೀಮಿನ ಕೋಣೆಯ ಹಾಗಿತ್ತು. ಫ್ರಿಜ್ಜಿನ ಮೈಮೇಲೆಲ್ಲ ಚೀಟಿಗಳು. ನಗುತ್ತಾ ಒಳಗೆ ಬಾ. ಕುರ್ಚಿ ಎಳೆಯಬೇಡ. ಮೂಗು ಮುಟ್ಟಬೇಡ. ಕನ್ನಡಿಯ ಮೇಲೆ ಇನ್ನೊಂದು: ಸಹಜವಾಗಿರು. ಸಂದರ್ಶನ ಎಂಬ ಪದದಲ್ಲಿ ದರ್ಶನವೇನೋ ಇದೆ, ಆದರೆ ಈ ಊರಿನಲ್ಲಿ ಅದಕ್ಕೆ ಮೊದಲು ಆರು ತಿಂಗಳ ಪ್ರದರ್ಶನ ಕಡ್ಡಾಯ.

ಜರಡಿ ಊಟದ ಮೇಜಿನ ಆ ಕಡೆ ಕೂತಳು. ಅವಳಿಗೆ ಆ ಅಡ್ಡಹೆಸರು ಕೊಟ್ಟವರು ಪೊಲೀಸರು. ತಾವು ಹೊಟ್ಟು ಎಂದು ಗುಡಿಸಿ ಎಸೆದದ್ದರಲ್ಲಿ ಈಕೆ ಕಾಳು ಹೆಕ್ಕುತ್ತಾಳೆ ಎಂಬ ಹೊಟ್ಟೆಕಿಚ್ಚಿನಿಂದ. ಜರಡಿ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ದನಿಯನ್ನು ದಪ್ಪ ಮಾಡಿಕೊಂಡಳು.

"ಬಾಮ್ಮ, ಕೂತ್ಕೋ. ನಿನ್ನ ಹೆಸರೇನು?"

ಚಿಟಕೆಯ ಬೆನ್ನು ಗುಂಡಿ ಒತ್ತಿದ ಹಾಗೆ ನೆಟ್ಟಗಾಯಿತು. ಕೈಗಳು ಮಡಿಲಿಗೆ ಬಂದವು. ಮುಖದಲ್ಲಿ ಅಳತೆಗಿಟ್ಟ ನಗು. ಅವಳು ತಾಯಿಯ ಕಡೆ ಬಾಗಿ ಗುಟ್ಟಿನಲ್ಲಿ ಕೇಳಿದಳು.

"ಇವತ್ತು ಯಾವ ಹೆಸರು?"

ತಾಯಿ ನಕ್ಕಳು. "ಯಾವ ಹೆಸರು ಅಂದ್ರೆ? ನಿಂಗೆ ಇರೋದೇ ಒಂದು ಹೆಸರಲ್ವೇನೇ."

"ಅದು ಹೇಳಬಾರದು. ಅದು ಹೇಳಿದ್ರೆ ಔಟು."

"ಯಾರು ಹೇಳಿದ್ದು ಹಾಗಂತ?"

"ಮಿಸ್ಸು."

ತಾಯಿಯ ನಗು ಮುಖದ ಮೇಲೆಯೇ ಉಳಿದಿತ್ತು, ತೆಗೆಯಲು ಮರೆತವರ ಹಾಗೆ. ಜರಡಿ ಮೇಜಿನ ಕೆಳಗೆ ಅವಳ ಕೈಯನ್ನು ಒತ್ತಿದಳು. ಸುಮ್ಮನಿರು ಎಂದು.

"ಹಾಗಾದ್ರೆ ಬೇರೆ ಯಾವ್ಯಾವ ಹೆಸರು ಇದ್ವು, ನಂಗೂ ಹೇಳು."

ಚಿಟಕೆ ಬೆರಳು ಮಡಿಸುತ್ತಾ ಹೇಳಿದಳು. ಒಂದು ಕೈ ಮುಗಿದು ಇನ್ನೊಂದು ಕೈಯಲ್ಲಿ ಎರಡು ಬೆರಳು. ಏಳು ಹೆಸರು, ಏಳೂ ಹೆಣ್ಣುಮಕ್ಕಳದು, ಒಂದೂ ಅವಳದಲ್ಲ. ಪ್ರತಿ ಹೆಸರಿಗೂ ಒಂದು ಜೊತೆ ಅಪ್ಪ-ಅಮ್ಮ ಬೇರೆ ಇದ್ದರು.

"ಈ ಹೆಸರಿಗೆ ಕೆಂಪು ಕಾರಿನ ಅಮ್ಮ. ಇದಕ್ಕೆ ಸೀನ್ತಾನೇ ಇರೋ ಅಪ್ಪ. ಇದಕ್ಕೆ ಬಂದ ಅಪ್ಪ ನನ್ನ ಹೆಸರೇ ಮರ್ತುಬಿಟ್ಟಿದ್ರು, ನಾನೇ ಹೇಳಿಕೊಟ್ಟೆ."

"ಎಲ್ಲಿ ಆಡಿದ್ದು ಮರಿ ಈ ಆಟ?"

"ಆಟದ ಸ್ಕೂಲಲ್ಲಿ. ಅದು ಥೇಟ್ ನಿಜದ ಸ್ಕೂಲ್ ಥರಾನೇ ಇರುತ್ತೆ. ಗೇಟಲ್ಲಿ ಟೋಪಿ ಮಾಮ ಇರ್ತಾರೆ. ಒಳಗೆ ದೊಡ್ಡ ಮೀನಿನ ತೊಟ್ಟಿ. ಅದರಲ್ಲಿ ಒಂದು ಮೀನು ಮೂಲೇಲೇ ನಿಂತ್ಕೊಂಡಿರುತ್ತೆ, ಪಾಪ, ಅದಕ್ಕೂ ಯಾರೋ ಬೈದಿರಬೇಕು."

ತಾಯಿ ಥಟ್ಟನೆ ಎದ್ದು ನಿಂತಳು. ಆ ತೊಟ್ಟಿಯನ್ನು ಅವಳು ನೋಡಿದ್ದಳು. ಆ ಮೀನನ್ನೂ ನೋಡಿದ್ದಳು. ಹದಿನೈದು ದಿನದ ಹಿಂದೆ ಶಾಲೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಅದನ್ನೇ ನೋಡುತ್ತಿದ್ದಳು. ಚಿಟಕೆ ಹೋಗುತ್ತಿದ್ದ ತರಬೇತಿ ಕೇಂದ್ರದಲ್ಲಿ ಮೀನೂ ಇರಲಿಲ್ಲ, ತೊಟ್ಟಿಯೂ ಇರಲಿಲ್ಲ.

"ಕೇಂದ್ರದವರು ಅಣಕು ಸಂದರ್ಶನ ಅಂದಿದ್ರು ಅಕ್ಕ," ಎಂದಳು. "ಶನಿವಾರ ಅಂಗಡೀಲಿ ನಂಗೆ ಕೈ ಬಿಡುವಿರಲ್ಲ. ನೀವು ಬರಬೇಡಿ, ನಾವೇ ಅಭ್ಯಾಸ ಮಾಡಿಸ್ತೀವಿ ಅಂದಿದ್ರು. ನಾನು ಥ್ಯಾಂಕ್ಸ್ ಹೇಳಿದ್ದೆ."

"ಚಿಟಕೆ," ಜರಡಿ ಮೆಲ್ಲಗೆ ಕೇಳಿದಳು, "ಅಮ್ಮನ ಜೊತೆ ಹೋದ ದಿನ ಯಾಕಮ್ಮ ಸುಮ್ನೆ ಕೂತಿದ್ದೆ?"

"ಅವತ್ತು ಮಿಸ್ಸು ಹೆಸರು ಕೊಡೋಕೆ ಮರ್ತುಬಿಟ್ರು." ಚಿಟಕೆ ಭುಜ ಕುಣಿಸಿದಳು. "ನಾನು ಔಟ್ ಆಗಬಾರದಲ್ವಾ. ಅದಕ್ಕೇ."

ಎದ್ದು ನಿಂತಿದ್ದ ತಾಯಿ ಬಂದು ಮಗಳ ಪಕ್ಕ ಕೂತಳು.

"ಅಮ್ಮಂದಿರಲ್ಲಿ ಯಾರು ಇಷ್ಟ?" ಜರಡಿ ಕೇಳಿದಳು. ಕೇಳಬಾರದಿತ್ತೇನೋ.

"ಕೊನೇ ಅಮ್ಮ. ಬಾಚೋವಾಗ ಕೂದಲು ಎಳೆಯಲ್ಲ."

* * *

ಜರಡಿ ಬಾಲ್ಕನಿಗೆ ಹೋಗಿ ಪ್ರವೇಶಾಧಿಕಾರಿಗೆ ಫೋನು ಮಾಡಿದಳು.

"ಸಾರ್, ಆ ಏಳು ಅರ್ಜಿಗಳ ಫೋಟೋ ಬೇಕು."

"ಫೋಟೋ ಸಂದರ್ಶಕರಿಗೇ ತೋರಿಸಲ್ಲ ಮೇಡಂ. ನಿಮಗೆ ಹೇಗೆ ಕೊಡಲಿ? ನಮ್ಮದು ನಿಷ್ಪಕ್ಷಪಾತದ ಪದ್ಧತಿ. ಮುಖ ನೋಡಿ ಮಣೆ ಹಾಕಬಾರದು ಅಂತ ಫೋಟೋ ಎಲ್ಲ ಸೀಲ್ ಮಾಡಿದ ಲಕೋಟೇಲಿ ಇರುತ್ತೆ. ಸಂದರ್ಶಕರ ಕೈಲಿರೋದು ನಂಬರು, ಹೆಸರು ಅಷ್ಟೇ."

"ಗೇಟಲ್ಲಿ ಗುರುತಿನ ಚೀಟಿ ನೋಡ್ತೀರಲ್ಲ?"

"ಅಪ್ಪ-ಅಮ್ಮಂದು ನೋಡ್ತೀವಿ. ಐದು ವರ್ಷದ ಮಗುಗೆ ಎಲ್ಲಿಯ ಗುರುತಿನ ಚೀಟಿ?"

"ಅಂದ್ರೆ ಅಪ್ಪ-ಅಮ್ಮ ಅಸಲಿ ಆಗಿದ್ರೆ ಸಾಕು, ಜೊತೇಲಿ ಬಂದ ಮಗು ಯಾವುದಾದ್ರೂ ನಡೆಯುತ್ತೆ."

ನ್ಯಾಯದೇವತೆಯ ಹಾಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಶಾಲೆಗೆ ಬಟ್ಟೆಯ ತೂತು ಈಗ ಕಂಡಿತ್ತು.

"ಒಂದು ಗಂಟೆ ಕೊಡಿ," ಎಂದ ಅಧಿಕಾರಿ. "ಸಮಿತಿಯನ್ನ ಕೇಳಿ ಲಕೋಟೆ ಒಡೆಸ್ತೀನಿ."

ಒಳಗೆ ಬಂದಾಗ ತಾಯಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಚ್ಚಿದ ಜಡೆಯನ್ನು ನಿಧಾನವಾಗಿ, ತೀರಾ ನಿಧಾನವಾಗಿ ಬಾಚುತ್ತಿದ್ದಳು.

"ಇವಳನ್ನ ಎಲ್ಲೂ ಬಿಡಲ್ಲ ಅಕ್ಕ ನಾನು. ಆ ಮಿಸ್ಸಿನ ಮುಂದೆ ಇವಳನ್ನೇ ನಿಲ್ಲಿಸಿ ಕೇಳ್ತೀನಿ."

"ಬೇಡಮ್ಮ. ಮಗು ಮುಂದೆ ಆ ಜಗಳ ಬೇಡ. ಎಂದಿನ ಹಾಗೆ ಡೇ ಕೇರಿಗೆ ಬಿಟ್ಟು ಹೋಗೋಣ. ಅಲ್ಲಿ ನೆಮ್ಮದಿಯಾಗಿರ್ತಾಳೆ," ಎಂದಳು ಜರಡಿ.

ಹಾಗೆಯೇ ಮಾಡಿದರು.

* * *

ತರಬೇತಿ ಕೇಂದ್ರ ಇದ್ದದ್ದು ಹಾಸಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕೆಳಗೆ ಊರಿಗೆ ನಿದ್ದೆ ಮಾರುತ್ತಿದ್ದರು, ಮೇಲೆ ನಿದ್ದೆ ಕೆಡಿಸುತ್ತಿದ್ದರು. ಬಾಗಿಲಲ್ಲಿ ಚಪ್ಪಲಿಗಳು ಜೋಡಿ ಜೋಡಿಯಾಗಿದ್ದವು, ಒಂದು ದೊಡ್ಡದು, ಪಕ್ಕಕ್ಕೆ ಒಂದು ಚಿಕ್ಕದು.

ಒಳಗಿಂದ ಸಾಮೂಹಿಕ ದನಿ ಬರುತ್ತಿತ್ತು. "ನಾವು ಮಗುವಿನ ಮೇಲೆ ಯಾವ ಒತ್ತಡವನ್ನೂ ಹಾಕುವುದಿಲ್ಲ."

"ಇನ್ನೂ ಸಹಜವಾಗಿ," ಎಂದಿತು ಒಂದು ಮೃದು ಕಂಠ. "ಸಹಜತೆಗೆ ನಾಲ್ಕು ಅಂಕ ಇದೆ. ಕಳ್ಕೋಬೇಡಿ."

"ನಾವು ಮಗುವಿನ ಮೇಲೆ ಯಾವ ಒತ್ತಡವನ್ನೂ..."

ಹತ್ತು ಹನ್ನೆರಡು ಅಪ್ಪ-ಅಮ್ಮಂದಿರು ಗೇಣೆತ್ತರದ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಮಕ್ಕಳು ನಾಯಕ-ನಾಯಕಿಯರು. ಪೋಷಕರದು ಇಲ್ಲಿ ಹೆಸರಿಗೆ ತಕ್ಕಂತೆ ಪೋಷಕ ಪಾತ್ರ.

ಆ ಮೃದು ಕಂಠದ ಒಡತಿಯನ್ನು ಎಲ್ಲರೂ ಮಿಸ್ಸು ಎನ್ನುತ್ತಾರೆ. ಬೆಳ್ಳಿ ಕೂದಲು, ಇಸ್ತ್ರಿ ಮಾಡಿದ ಮಾತು. ನಿವೃತ್ತಿಗೆ ಮೊದಲು ಅದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಸಂದರ್ಶಕಿಯಾಗಿದ್ದವಳು. ಅವಳ ಮೂಗಿನ ಮೇಲಿದ್ದ ಕನ್ನಡಕ ಚಿಟಕೆಯ ತಾಯಿಯ ಅಂಗಡಿಯದೇ.

ಒಳಕೋಣೆಯ ಬಾಗಿಲು ಮುಚ್ಚಿದ ಮೇಲೆ ತಾಯಿ ಒಂದೇ ಪ್ರಶ್ನೆ ಕೇಳಿದಳು.

"ಎಷ್ಟು ಜನಕ್ಕೆ ಕೊಟ್ರಿ ನನ್ನ ಮಗಳನ್ನ?"

ಮಿಸ್ಸು ಜರಡಿಯ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ಸುಳ್ಳಿಗೆ ಜಾಗವಿಲ್ಲವೆಂದು ಅವಳಿಗೆ ತಿಳಿಯಿತು. ಇಪ್ಪತ್ತು ವರ್ಷ ಎದುರಿಗೆ ಕೂತವರ ಮುಖ ಓದಿದವಳು.

"ಕೊಡೋದು ಅಂದ್ರೇನು ಮೇಡಂ, ದೊಡ್ಡ ಮಾತು. ಒಂದೊಂದು ಗಂಟೆ ಹೊತ್ತು ಅಷ್ಟೇ."

"ನನ್ನ ಅಂಗಡೀಲಿ ಒಂದು ಫ್ರೇಮನ್ನೂ ನಾನು ಹಾಗೆ ಕೊಡಲ್ಲ, ಮಿಸ್ಸು. ಒಂದು ಗಂಟೆ ಹಾಕ್ಕೊಂಡು ಹೋಗಿ ಬನ್ನಿ ಅಂತ."

"ನೋಡಿ, ಕೆಲವು ಮಕ್ಕಳು ಮನೇಲಿ ಅರಳು ಹುರಿದ ಹಾಗೆ ಮಾತಾಡ್ತವೆ, ಅಲ್ಲಿ ಹೋದ್ರೆ ಬಾಯಿಗೆ ಬೀಗ. ಅಂಥ ಮನೆಗಳಿಗೆ ಒಂದು ಸಹಾಯ. ನಿಮ್ಮ ಮಗಳಿಗೆ ನಿಜವಾದ ಕೋಣೇಲಿ ಅಭ್ಯಾಸ ಆಯ್ತು, ಅವರಿಗೆ ಸೀಟಾಯ್ತು. ಯಾರಿಗೆ ಏನು ನಷ್ಟ ಹೇಳಿ?"

"ಅವಳು ತನ್ನ ಹೆಸರು ಹೇಳಕ್ಕೆ ಹೆದರ್ತಾಳೆ." ತಾಯಿಯ ದನಿ ಏರಲಿಲ್ಲ, ಅದೇ ಭಯಂಕರವಾಗಿತ್ತು. "ನಾನು ಬಾಗಿಲಲ್ಲಿ ನಿಂತು ಕರೀತೀನಿ. ಅವಳು ಗೋಡೆ ನೋಡ್ತಾಳೆ. ಅದು ನಷ್ಟ."

ಮಿಸ್ಸು ಮೇಜಿನ ಮೇಲಿನ ಪೆನ್ಸಿಲ್ಲುಗಳನ್ನು ಸಾಲಾಗಿ ಜೋಡಿಸತೊಡಗಿದಳು.

"ಫೋಟೋ ಮುಚ್ಚಿಡ್ತಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಜರಡಿ ಕೇಳಿದಳು.

"ಆ ನಿಯಮ ಬರೆದವಳೇ ನಾನು. ಚೆಂದ ಇರೋ ಮಕ್ಕಳಿಗೆ, ಬಿಳೀ ಮಕ್ಕಳಿಗೆ ಜಾಸ್ತಿ ಅಂಕ ಬೀಳ್ತಿತ್ತು. ಆಗ ಒಳ್ಳೇ ಮನಸ್ಸಿಂದಾನೇ ಬರೆದಿದ್ದು." ಪೆನ್ಸಿಲ್ಲು ನೆಟ್ಟಗಾಯಿತು. "ಚಿಟಕೆನ ಕೊನೇ ವಾರ ತಿದ್ದಬೇಕಿತ್ತು, ನಿಜ. ಈಗ ನಿನ್ನ ಹೆಸರೇ ಹೇಳು ಪುಟ್ಟಾ ಅಂತ ಹೇಳಿಕೊಡಬೇಕಿತ್ತು. ನಂಗೆ ಜ್ವರ ಬಂತು. ಆರು ಸಲ ಚೆನ್ನಾಗಿ ಮಾಡಿದವಳು ಏಳನೇ ಸಲ ಹೀಗೆ ಮಾಡ್ತಾಳೆ ಅಂತ ಯಾರಿಗೆ ಗೊತ್ತಿತ್ತು."

"ಏಳು ಸಲ ಚೆನ್ನಾಗಿ ಮಾಡಿದಾಳೆ," ಎಂದಳು ಜರಡಿ. "ಎಂಟನೇ ಸಲ ಹೀಗಾಗಿದ್ದು."

"ಆರು."

"ನಿಮ್ಮ ಎಣಿಕೇಲೂ ಒಂದು ಮಹಡಿ ಕಮ್ಮಿ ಇದೆ ಮಿಸ್ಸು."

"ಆರು ಶನಿವಾರ, ಆರು ಮನೆ. ನಾನು ಕಳಿಸಿದ್ದು ಆರೇ. ಇಷ್ಟು ಒಪ್ಕೊಂಡವಳು ಒಂದನ್ನ ಯಾಕೆ ಮುಚ್ಚಿಡಲಿ?"

ಜರಡಿ ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಶನಿವಾರ. ಶನಿವಾರ. ಶನಿವಾರ. ಮಿಸ್ಸು ತಲೆಯಾಡಿಸುತ್ತಾ ಹೋದಳು. ಆರನೆಯ ಹಾಳೆಯವರೆಗೂ ತಲೆ ಆಡಿತು. ಏಳನೆಯದಕ್ಕೆ ನಿಂತಿತು.

"ಬುಧವಾರ," ಎಂದು ಓದಿದಳು ಮಿಸ್ಸು. "ಮಧ್ಯಾಹ್ನ ಮೂರು ಗಂಟೆ. ಇದು ಚಿಟಕೆಯ ಸಂದರ್ಶನಕ್ಕೆ ಎರಡು ದಿನ ಮೊದಲು. ಇದನ್ನ ನಾನು ಕಳಿಸಿಲ್ಲ."

"ಆ ಬುಧವಾರ ಮಧ್ಯಾಹ್ನ ಅವಳು ಎಲ್ಲಿದ್ಲು?"

"ಇಲ್ಲೇ. ಪುನರ್ಮಿಲನದ ಅಭ್ಯಾಸ ಇತ್ತು."

"ಹಾಗಂದ್ರೆ?"

ಮಿಸ್ಸು ಕನ್ನಡಕ ತೆಗೆದಳು. "ಸಂದರ್ಶನ ಮುಗಿದ ಮೇಲೆ ಮಗು ಹೊರಗೆ ಬರುತ್ತಲ್ಲ, ಆಗ ತಾಯಿನ ನೋಡಿ ಏನು ಮಾಡುತ್ತೆ ಅಂತ ಗಾಜಿನ ಹಿಂದಿಂದ ನೋಡ್ತಿರ್ತಾರೆ. ಯಾರಿಗೂ ಗೊತ್ತಿಲ್ಲ ಇದು. ಐದು ಅಂಕ. ಓಡಿ ಬರಬೇಕು, ಬೀಳಬಾರದು. ಅಮ್ಮಾ ಅನ್ನಬೇಕು, ಒಂದೇ ಸಲ. ಕತ್ತು ತಬ್ಕೊಂಡು ಹತ್ತು ಎಣಿಸೋವರೆಗೂ ಬಿಡಬಾರದು. ಅದನ್ನ ಇಲ್ಲಿ ಕಲಿಸ್ತೀವಿ."

"ಯಾರನ್ನ ತಬ್ಕೋತಾಳೆ?" ತಾಯಿ ಕೇಳಿದಳು. "ಅಭ್ಯಾಸಕ್ಕೆ ನಾನು ಒಂದು ದಿನವೂ ಬಂದಿಲ್ಲ."

"ನೀವು ಅಂಗಡಿ ಬಿಟ್ಟು ಬರಲ್ಲ ಅಂತ ಇನ್ನೊಬ್ಬರು ನಿಮ್ಮ ಜಾಗದಲ್ಲಿ ನಿಲ್ತಿದ್ರು. ಅವರೂ ಇಲ್ಲಿಯ ಪೋಷಕಿನೇ. ಬಹಳ ಒಳ್ಳೆಯವರು, ಸದ್ದೇ ಇಲ್ಲ. ಅವರ ಮಗಳಿಗೆ ಚಿಕನ್‌ಪಾಕ್ಸು, ಪಾಪ, ಕ್ಲಾಸಿಗೆ ಬರೋಕಾಗಿಲ್ಲ. ಮಗಳು ಬರದೇ ಇದ್ರೂ ಇವರು ಒಂದು ದಿನ ತಪ್ಪಿಸಿಲ್ಲ. ಚಿಟಕೆಗೂ ಅವರಿಗೂ ಎಷ್ಟು ಹೊಂದ್ಕೊಂಡಿತ್ತು ಅಂದ್ರೆ..." ಮಿಸ್ಸು ತಾಯಿಯ ಮುಖ ನೋಡಿ ಮಾತು ನುಂಗಿದಳು.

"ಎಷ್ಟು ದಿನ ಬಂದ್ರು?" ಜರಡಿ ಕೇಳಿದಳು.

"ಎರಡು ತಿಂಗಳು ಆಯ್ತೇನೋ."

"ಎರಡು ತಿಂಗಳು ಚಿಕನ್‌ಪಾಕ್ಸಾ?"

ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಮಿಸ್ಸು ದೊಡ್ಡವರಿಗೆ ಒಂದು ಪ್ರಶ್ನೆ ಕೇಳುವುದನ್ನು ಮರೆತಿದ್ದಳು.

"ಆ ಮಗಳನ್ನ ನೀವು ಯಾವತ್ತಾದ್ರೂ ನೋಡಿದೀರಾ?"

"ಇಲ್ಲ."

"ಬುಧವಾರ ಏನಾಯ್ತು?"

"ಒಳಗೆ ಇಕ್ಕಟ್ಟು, ಪಾರ್ಕಲ್ಲಿ ಓಡೋ ಅಭ್ಯಾಸ ಮಾಡಿಸ್ತೀನಿ ಅಂದ್ರು. ಎರಡಕ್ಕೆ ಕರ್ಕೊಂಡು ಹೋದ್ರು, ಐದಕ್ಕೆ ತಂದುಬಿಟ್ರು. ಜಡೆ ಹಾಕಿಸಿ, ಹೊಸ ಕ್ಲಿಪ್ಪು ಹಾಕಿಸಿ." ಮಿಸ್ಸಿನ ಇಸ್ತ್ರಿ ಮಾಡಿದ ಮಾತಿನಲ್ಲಿ ಮೊದಲ ಸಲ ಸುಕ್ಕು ಬಿದ್ದಿತು. "ನಾನು ಎಷ್ಟು ಚೆಂದ ಕಾಣ್ತಾಳೆ ಅಂದೆ."

ಜರಡಿಯ ಫೋನು ಮೇಜಿನ ಮೇಲೆ ನಡುಗಿತು.

ಪ್ರವೇಶಾಧಿಕಾರಿ ಲಕೋಟೆ ಒಡೆಸಿದ್ದ. ಫೋಟೋಗಳು ಒಂದೊಂದಾಗಿ ಬಂದವು. ಮೂವರೂ ಫೋನಿನ ಮೇಲೆ ಬಾಗಿದರು.

ಮೊದಲನೆಯವಳಿಗೆ ಗುಂಗುರು ಕೂದಲು. ಎರಡನೆಯವಳು ದುಂಡಗೆ, ಕೆನ್ನೆಯಲ್ಲಿ ಮಚ್ಚೆ. ಮೂರನೆಯವಳು ಕ್ಯಾಮೆರಾ ಕಂಡು ಅಳುವ ಹಾಗಿದ್ದಳು. ನಾಲ್ಕು, ಐದು, ಆರು. ಆರು ಮನೆಯ ಆರು ಹುಡುಗಿಯರು, ಒಬ್ಬಳೂ ಆ ಮೀನಿನ ತೊಟ್ಟಿಯ ಮುಂದೆ ನಿಂತವಳಲ್ಲ. ಅವರ ಜಾಗದಲ್ಲಿ ನಿಂತವಳು ಒಬ್ಬಳೇ.

ಏಳನೆಯ ಫೋಟೋ ಬಂತು.

ತಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಗಾಜಿನಲ್ಲಿ ಏನೂ ತಪ್ಪಿರಲಿಲ್ಲ.

ಫೋಟೋದಲ್ಲಿದ್ದದ್ದು ಚಿಟಕೆ.

"ಈ ಫ್ರಾಕು ನಾನು ತಂದಿದ್ದಲ್ಲ," ಎಂದಳು ತಾಯಿ. ಮೊದಲು ಬಾಯಿಗೆ ಬಂದದ್ದು ಅದೊಂದೇ ಮಾತು. "ಇದು ನಮ್ಮನೆ ಫ್ರಾಕಲ್ಲ ಅಕ್ಕ."

ಮಿಸ್ಸು ಕುರ್ಚಿಯ ಕೈ ಹಿಡಿದುಕೊಂಡಳು. "ಅದು ಹೇಗೆ? ಬೇರೆಯವರೆಲ್ಲ ತಮ್ಮ ಮಗಳ ಫೋಟೋನೇ ಹಾಕಿದಾರೆ. ನಾಳೆ ಶಾಲೆಗೆ ಹೋಗೋದು ಆ ಮಗಳೇ ಅಲ್ವಾ. ಇವರು ಚಿಟಕೆ ಫೋಟೋ ಹಾಕಿದ್ರೆ ನಾಳೆ ತಮ್ಮ ಮಗಳನ್ನ ಹೇಗೆ ಕಳಿಸ್ತಾರೆ?"

ಜರಡಿ ಏಳನೆಯ ಹಾಳೆಯನ್ನು ಉಳಿದ ಆರರಿಂದ ಬೇರೆ ಮಾಡಿ ಇಟ್ಟಳು. ಆರು ಮನೆಯವರಿಗೆ ಬೇಕಾಗಿದ್ದದ್ದು ಸೀಟು. ಅದಕ್ಕೆ ಒಂದು ಗಂಟೆಯ ಮಟ್ಟಿಗೆ ಒಂದು ಮಗು ಬೇಕಾಗಿತ್ತು. ಏಳನೆಯವರಿಗೆ ಬೇಕಾಗಿದ್ದದ್ದು ಸೀಟಲ್ಲ.

ಅಧಿಕಾರಿಯ ಸಂದೇಶ ಬಂತು. ಜರಡಿ ಗಟ್ಟಿಯಾಗಿ ಓದಿದಳು.

"ಏಳನೆಯ ದಂಪತಿ ನಿನ್ನೆಯೇ ಮಗುವಿನ ಫೋಟೋ ಇರುವ ಪ್ರವೇಶ ಕಾರ್ಡು ಪಡೆದಿದ್ದಾರೆ. ಇವತ್ತು ಬೆಳಿಗ್ಗೆ ಬಂದು ಬೇರೆ ದೇಶದಲ್ಲಿರುವ ನಮ್ಮ ಶಾಖೆಗೆ ವರ್ಗಾವಣೆ ಪತ್ರವನ್ನೂ ಪಡೆದರು. ಜನನ ಪ್ರಮಾಣಪತ್ರ ಈಗಷ್ಟೇ ಇನ್ನೊಮ್ಮೆ ಪರಿಶೀಲಿಸಿದೆ. ಅದು ನಕಲಿ ಅಲ್ಲ. ಅಸಲಿ."

"ಪತ್ರ ಅಸಲಿ ಅಂದ್ರೆ ಅವರಿಗೆ ಒಬ್ಬ ಮಗಳು ಹುಟ್ಟಿದಾಳೆ," ಮಿಸ್ಸು ಪಿಸುಗುಟ್ಟಿದಳು. "ಹಾಗಾದ್ರೆ ಆ ಮಗು ಎಲ್ಲಿ?"

ತಾಯಿಗೆ ಅದು ಕೇಳಿಸಲಿಲ್ಲ. ಅವಳು ಆಗಲೇ ಡೇ ಕೇರಿನ ನಂಬರು ಒತ್ತಿದ್ದಳು. ಬೆರಳು ತಪ್ಪಿ ಒಮ್ಮೆ, ಇನ್ನೊಮ್ಮೆ. ಮೂರನೆಯ ಸಲಕ್ಕೆ ಗಂಟೆ 'ಟ್ರಿಣ್' ಎಂದಿತು. ಜರಡಿ ಫೋನಿನ ಸ್ಪೀಕರು ಹಾಕಿದಳು. ಹೊರಗಿನ ಕೋಣೆಯಲ್ಲಿ ಅಪ್ಪ-ಅಮ್ಮಂದಿರು ಒತ್ತಡ ಹಾಕುವುದಿಲ್ಲ ಎಂದು ಇನ್ನೂ ಹೇಳುತ್ತಲೇ ಇದ್ದರು.

"ಹಲೋ, ಡೇ ಕೇರ್," ಎಂದಿತು ಉತ್ಸಾಹದ, ತಾಯಿಗೆ ಪರಿಚಯವಿಲ್ಲದ ಹೊಸ ದನಿ.

ತಾಯಿ ಮಗಳ ಪೂರ್ತಿ ಹೆಸರು ಹೇಳಿದಳು. "ಅವಳು ಹೇಗಿದಾಳೆ? ಫೋನು ಕೊಡಿ ಅವಳಿಗೆ. ಒಂದು ನಿಮಿಷ ಕೊಡಿ ಸಾಕು."

"ಆ ಮಗೂನಾ? ಹೋಗಿ ಅರ್ಧ ಗಂಟೆ ಆಯ್ತಲ್ಲ. ಕಾರ್ಡಲ್ಲಿ ಹೆಸರು ಬೇರೆ ಇತ್ತು ಅಂತ ನಾನು ಬಿಟ್ಟಿರಲಿಲ್ಲ. ಸ್ಕೂಲಿಗೋಸ್ಕರ ಹೆಸರು ಬದಲಾಯಿಸಿದ್ವಿ ಅಂದ್ರು. ಫೋಟೋ ನೋಡಿದೆ, ಅವಳದೇ. ಅಷ್ಟರಲ್ಲಿ ಅವಳೇ ಓಡಿ ಬಂದು ಕತ್ತು ತಬ್ಕೊಂಡ್ಲು, ಬಿಡ್ತಾನೇ ಇರ್ಲಿಲ್ಲ. ಅಮ್ಮನೇ ಬಂದ್ಮೇಲೆ ನಾವು ಇಟ್ಕೊಳ್ಳಕ್ಕಾಗುತ್ತಾ?"

ತಾಯಿ ಮೇಜಿನ ಮೇಲಿನ ಏಳನೆಯ ಹಾಳೆಯನ್ನು ಎಳೆದುಕೊಂಡಳು.

"ಹಲೋ?" ಎಂದಿತು ಆ ಕಡೆಯ ದನಿ. "ಕೇಳಿಸ್ತಿದೆಯಾ? ಅಂದಹಾಗೆ ತಾವು ಮಗುಗೆ ಏನಾಗ್ಬೇಕು?"